ಗಾಬರಿಯವಳ ಗ್ರಾಫಿಕ್ಸ್ ಕಾರ್ಡು

ಕಂಪ್ಯೂಟರಿನೊಳಗೆ ತನ್ನ ಗ್ರಾಫಿಕ್ಸ್ ಕಾರ್ಡು ಇನ್ನೂ ಇದೆಯೋ ಇಲ್ಲವೋ ಎಂಬ ಚಿಂತೆ ಬೆಳಗಿನಿಂದ ಅವಳ ತಲೆ ಕೊರೆಯುತ್ತಿತ್ತು. ಮಗುವಿಗೆ ಬಾಳೆಹಣ್ಣು ಕಿವುಚುವಾಗಲೂ ಅದೇ, ಬಟ್ಟೆ ಹರವುವಾಗಲೂ ಅದೇ. ಮನೆಯವರು ಅವಳಿಗಿಟ್ಟ ಹೆಸರೇ ಗಾಬರಿ. ಗ್ಯಾಸ್ ಆರಿಸಿ ಬಂದವಳು ಮತ್ತೆ ಹೋಗಿ ನೋಡುವಳು. ಮಲಗಿದ ಮಗುವಿನ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುವಳು.

ಆದರೆ ಈ ಚಿಂತೆ ಬರಿದೇ ಹುಟ್ಟಿದ್ದಲ್ಲ. ಇನ್ನೂ ಕಟ್ಟದ ಮನೆಗಳ ಅಡುಗೆಕೋಣೆ, ಹಜಾರಗಳನ್ನು ಕಂಪ್ಯೂಟರಿನಲ್ಲಿ ನಿಜವೆಂಬಂತೆ ಮೂಡಿಸುವುದು ಅವಳ ಕಸುಬು. ಹೆರಿಗೆಯ ನಂತರ ಮೊದಲ ಸಲ ಕಚೇರಿಯಿಂದ ಒಂದು ಮನೆಯ ಕೆಲಸ ಬಂದಿತ್ತು. ತೆರೆದರೆ ಗೋಡೆಗಳು ಕುಂಟುತ್ತಿದ್ದವು. ಕಿಟಕಿಯ ಬೆಳಕು ಬೀಳುವಷ್ಟರಲ್ಲಿ ಪರದೆ ಗರಬಡಿದಂತೆ ನಿಲ್ಲುತ್ತಿತ್ತು. ಕಚೇರಿಯ ಮೇಡಂ ಖಡಾಖಂಡಿತವಾಗಿ ಹೇಳಿದ್ದರು: "ನಿಮ್ಮ ಮಿಷನ್ ಕೈಲಿ ಆಗಲ್ಲ ಅಂದ್ರೆ ಸಂಜೆ ಒಳಗೆ ಹೇಳಿಬಿಡಿ, ಬೇರೆಯವರಿಗೆ ಕೊಡ್ತೀನಿ. ಮಗು ದೊಡ್ಡದಾಗಲಿ, ಆಮೇಲೆ ನೋಡೋಣ."

ಆ 'ಆಮೇಲೆ' ಎಂದೂ ಬರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

"ಅದರಲ್ಲಿ ಕಾರ್ಡೂ ಇಲ್ಲ, ಗೀರ್ಡೂ ಇಲ್ಲ," ಎಂದ ಗಂಡ, ಪರದೆಯ ಸೆಟ್ಟಿಂಗ್ಸ್ ತೆರೆದು ತೋರಿಸುತ್ತ. "ನೋಡು, ಇಲ್ಲೇ ಬರೆದಿದೆ."

"ಅಲ್ಲಿರೋದು ಬೋರ್ಡಿನ ಜೊತೆಗೇ ಬರೋ ಚಿಪ್ಪಿನ ಹೆಸರು ಕಣ್ರೀ. ನನ್ನ ಕಾರ್ಡು ಬೇರೆ. ಇಂಥ ಚಿತ್ರ ಓಡಿಸೋಕೇ ಅಂತ ನಾನೇ ಆರಿಸಿ ಹಾಕಿಸಿದ್ದು."

"ಹೋಗ್ಲಿ ಬಿಡಮ್ಮ," ಅತ್ತೆ ಸಮಾಧಾನ ಹೇಳಿದರು. "ಮಗು ನೋಡ್ಕೊಂಡು ಹಾಯಾಗಿರು. ನಿನ್ನ ಯಾರು ದುಡಿ ಅಂದ್ರು?"

"ಯಾರೂ ಅನ್ನಲಿಲ್ಲ ಅತ್ತೆ. ನಾನೇ ಅಂದ್ಕೊಂಡೆ."

ಹೇಳಿದವಳೇ ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ ಕುರ್ಚಿ ಎಳೆದು ಕೂತಳು. ಮನೆಯ ಚಿತ್ರವನ್ನು ಓಡಲು ಬಿಟ್ಟು, ಟಾಸ್ಕ್ ಮ್ಯಾನೇಜರ್ ತೆರೆದು, ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ಗೆರೆ ಎಳೆದು ತೋರಿಸುವ ಪುಟಕ್ಕೆ ಹೋದಳು. ಕೊನೆಯಲ್ಲಿ ಎರಡು ಹೆಸರಿದ್ದವು. ಒಂದು ಆ ಬಡಪಾಯಿ ಚಿಪ್ಪು. ಅದರ ಗೆರೆ ನೆತ್ತಿಗೇರಿತ್ತು. ಇನ್ನೊಂದು ಅವಳ ಕಾರ್ಡು! ಅದರ ಗೆರೆ ನೆಲಕ್ಕಂಟಿಕೊಂಡು ಮಲಗಿತ್ತು.

"ಇದೆ! ಇದ್ದೂ ನಿದ್ದೆ ಮಾಡ್ತಿದೆ." ಅವಳು ಗಂಡನ ಕಡೆ ತಿರುಗಿದಳು. "ಪರದೆಯ ವೈರು ಎಲ್ಲಿ ಚುಚ್ಚಿದ್ರಿ?"

ಅಂಬೆಗಾಲಿಡುವ ಮಗು ವೈರು ಎಳೆಯಲು ಕಲಿತಿದ್ದರಿಂದ, ಮೇಜಿನ ಕೆಳಗಿದ್ದ ಕಂಪ್ಯೂಟರಿನ ಡಬ್ಬವನ್ನು ಗಂಡನೇ ಕಪಾಟಿನ ಮೇಲೇರಿಸಿ ವೈರುಗಳನ್ನು ಮತ್ತೆ ಜೋಡಿಸಿದ್ದ.

"ಹೊಂದೋ ಕಡೆ ಚುಚ್ಚಿದೆ. ಚಿತ್ರ ಬಂತಲ್ಲ!"

"ಚಿತ್ರ ಬಂದ್ರೆ ಆಯ್ತಾ?" ಅವಳು ಸ್ಟೂಲು ಎಳೆದು ಕಪಾಟಿನ ಮುಂದಿಟ್ಟಳು.

"ಬಿದ್ದೀಯ ಗಾಬರಿ, ನಾನೇ ನೋಡ್ತೀನಿ."

"ನೀವು ನೋಡಿದ್ದು ಸಾಕು. ಸ್ಟೂಲು ಹಿಡ್ಕೊಳ್ಳಿ."

ಕಂಪ್ಯೂಟರ್ ಆರಿಸಿ ಮೇಲೆ ಹತ್ತಿದಳು. ಡಬ್ಬದ ಬೆನ್ನಿನಲ್ಲಿ ಒಂದೇ ಆಕಾರದ ಎರಡು ಸಾಕೆಟ್ಟುಗಳು. ಮೇಲಿನದು ಮೌಸು, ಕೀಬೋರ್ಡುಗಳ ವೈರುಗಳ ಸಾಲಿನಲ್ಲಿ, ಅದು ಚಿಪ್ಪಿನದು. ಪರದೆಯ ವೈರು ಅಲ್ಲಿತ್ತು. ಕೆಳಗಡೆ, ಕಾರ್ಡಿನ ಪಟ್ಟಿಯಲ್ಲಿದ್ದದ್ದು ಖಾಲಿ. ಮೇಲಿನಿಂದ ಕಿತ್ತು ಕೆಳಗೆ ಚುಚ್ಚಿದಳು. ಅವಳ ಜಾಯಮಾನ, ಮತ್ತೊಮ್ಮೆ ಒತ್ತಿ ನೋಡಿದಳು.

ಕೆಳಗಿಳಿದು ಕಂಪ್ಯೂಟರ್ ಹಚ್ಚಿ ಚಿತ್ರ ತೆರೆದರೆ, ಈ ಸಲ ಗೋಡೆಗಳು ನುಣ್ಣಗೆ ಸರಿದವು. ಕಿಟಕಿಯಿಂದ ಬಿಸಿಲು ಇಳಿದು ಅಡುಗೆಕಟ್ಟೆಯ ಮೇಲೆ ಹರಡಿತು.

"ಅಯ್ಯೋ, ಇದು ನಿಜವಾದ ಮನೆ ಥರಾನೇ ಇದೆಯಲ್ಲೇ!" ಎಂದು ಅತ್ತೆ ಬಗ್ಗಿದ್ದೇ ತಡ, ಮಗು ಕೀಬೋರ್ಡಿಗೆ ಕೈ ಚಾಚಿ, ಸಿಗದೆ, ಸೂರು ಹಾರುವಂತೆ ಅತ್ತಿತು.

ಇಷ್ಟು ದಿನ ಕಚೇರಿಗೆ ಫೋನು ಮಾಡಬೇಕಾದರೆ ಮಗುವಿನ ದನಿ ಕೇಳಿಸದಿರಲೆಂದು ಅವಳು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಇಂದು ಅಳುವ ಮಗುವನ್ನು ಸೊಂಟಕ್ಕೇರಿಸಿಕೊಂಡು ಅಲ್ಲೇ ನಿಂತು ನಂಬರ್ ಒತ್ತಿದಳು.

"ಮೇಡಂ, ಮಿಷನ್ ಸರಿಯಾಗೇ ಇದೆ. ಆ ಮನೆ ಯಾರಿಗೂ ಕೊಡಬೇಡಿ, ನಾನೇ ಮುಗಿಸ್ತೀನಿ... ಹೌದು, ನನ್ನ ಮಗುನೇ ಅಳ್ತಿರೋದು. ಅದರ ಪಾಡಿಗೆ ಅದು ದೊಡ್ಡದಾಗುತ್ತೆ. ನೀವು ಮುಂದಿನ ಮನೆಯ ನಕ್ಷೆನೂ ಕಳಿಸಿ."