ವಲ್ಲಿಯ ಕೆಳಗಿನ ಕೈ

ಈಗ ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ದೆವ್ವ-ಭೂತದ ಮಾತೆತ್ತಿದವರನ್ನು ಎದುರಿಗೇ ಗೇಲಿ ಮಾಡುತ್ತಿದ್ದ ಮನುಷ್ಯ ನಾನು. ನೀವೂ ನಗುವುದಾದರೆ ನಗಿ, ನನಗೆ ಬೇಸರವಿಲ್ಲ.

ಆಗ ಜೇವರ್ಗಿಯಲ್ಲಿ ಹತ್ತಿಯ ದಲಾಲಿ ಮಾಡುತ್ತಿದ್ದೆ. ನಮ್ಮಲ್ಲಿ ದರವನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿರಲಿಲ್ಲ. ಹೆಗಲ ಮೇಲಿನ ವಲ್ಲಿಯನ್ನು ಕೈಗಳ ಮೇಲೆ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ವ್ಯಾಪಾರ ಮುಗಿಸುತ್ತಿದ್ದೆವು. ಜಪಾನಿನ ಕಂಪನಿಯೊಂದು ಖರೀದಿಗೆಂದು ಹಿರಾನೊ ಎಂಬ ತರುಣನನ್ನು ಕಳಿಸಿತು. ಭಾಷೆ ಬಾರದ ಅವನಿಗೆ ಈ ಬೆರಳಿನ ವ್ಯವಹಾರ ಬಲು ಹಿಡಿಸಿತು. ದರ ಹೇಳುವ ಮುಂಚೆ ನನ್ನ ಅಂಗೈಯನ್ನು ಎರಡು ಸಲ ಒತ್ತುವುದು ಅವನ ರೂಢಿ. ಅದೇ ಅವನ ನಮಸ್ಕಾರ. ಆಳಂದ, ಅಫಜಲಪುರದ ಹತ್ತಿಯ ಎಳೆ ಜಗ್ಗಿ ನೋಡುತ್ತ ತಿರುಗುತ್ತಿದ್ದವನು ನೋಡುನೋಡುತ್ತಲೇ ಮುಂಬಯಿ ಕಚೇರಿಯ ಮುಖ್ಯಸ್ಥನಾದ. ಆದರೂ ಹಂಗಾಮಿಗೆ ತಪ್ಪದೆ ಬಂದು ನಮ್ಮ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತ ನಮ್ಮ ಮಾತನ್ನೂ ಕಲಿತ. ಅವ್ವನಿಗೆ ಅವನೂ ಒಬ್ಬ ಮಗನೇ.

ಎರಡನೇ ಮಹಾಯುದ್ಧ ಬಂತು, ಅವನು ಜಪಾನಿಗೆ ಹೋದ. ಬದುಕಿದ್ದಾನೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಅದೊಂದೇ ನನಗೆ ಕೊರಗಾಯಿತು.

ಒಂದು ಮಧ್ಯಾಹ್ನ ಅಫಜಲಪುರದ ಗೌಡರೊಬ್ಬರ ಜೊತೆ ದರ ಮಾಡುತ್ತಿದ್ದೆ. ಚಹಾ ಬಂತು. ಗೌಡರು ಕೈ ತೆಗೆದು ಕಪ್ಪು-ಬಸಿ ಹಿಡಿದುಕೊಂಡರು. ನನ್ನ ಕೈ ವಲ್ಲಿಯ ಕೆಳಗೇ ಇತ್ತು. ಆಗ ಅಲ್ಲೊಂದು ಕೈ ನನ್ನ ಅಂಗೈಯನ್ನು ಎರಡು ಸಲ ಒತ್ತಿತು. ಬೆಚ್ಚಗಿತ್ತು. ಆದರೆ ಅದರ ತೋರುಬೆರಳು ಮಡಚಲೇ ಇಲ್ಲ, ಕಟ್ಟಿಗೆಯಂತೆ ನೆಟ್ಟಗಿತ್ತು. ಹಿರಾನೊನ ಬೆರಳು ಹಾಗಿರಲಿಲ್ಲ. ವಲ್ಲಿ ಕಿತ್ತೆಸೆದೆ. ಕೆಳಗಿದ್ದದ್ದು ನನ್ನ ಕೈಯೊಂದೇ.

"ಯಾಕ್ರೀ, ಚೇಳು ಕಡೀತೇನು?" ಎಂದರು ಗೌಡರು.

ಅವ್ವನಿಗೆ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ಹೇಳಿ ಹೋಗಾಕ ಬಂದಿದ್ದ ಅವ. ಲಿಂಗೈಕ್ಯ ಆದ ಅಂತ ತಿಳಿ" ಅಂದಳು. ಗೇಲಿ ಮಾಡುವ ನಾನೂ ತಲೆಯಾಡಿಸಿದೆ. ಅವನ ಹೆಸರಿನಲ್ಲಿ ಶಿವಗಣಾರಾಧನೆ ಮಾಡಿಸಿ, ಜಂಗಮರಿಗೂ ಓಣಿಯವರಿಗೂ ಹುಗ್ಗಿ ಉಣಿಸಿದೆವು.

ಯುದ್ಧ ಮುಗಿದು ಕೆಲ ವರ್ಷಗಳಾದ ಮೇಲೆ ಹತ್ತಿಯ ನಮೂನೆ ಹಿಡಿದು ಮುಂಬಯಿಗೆ ಹೋಗಿದ್ದೆ. ಜಪಾನಿನಿಂದ ಕಂಪನಿಯ ಡೈರೆಕ್ಟರ್ ಸಾಹೇಬರು ಬಂದಿದ್ದಾರೆಂದು ಒಳಗೆ ಕಳಿಸಿದರು. ಕುರ್ಚಿಯಲ್ಲಿ ಹಿರಾನೊ ಕೂತಿದ್ದ, ತಲೆ ನರೆತಿತ್ತು. ನನ್ನ ಎದೆಯ ಭಾರವೆಲ್ಲ ಒಮ್ಮೆಲೇ ಇಳಿದು, ನಿಂತಲ್ಲೇ ಅತ್ತುಬಿಟ್ಟೆ.

"ಅವ್ವ ಆರಾಮ ಅದಾಳಾ?" ಎಂದು ಕೇಳಿದ.

"ಆರಾಮ ಅದಾಳ್ರಿ. ನೀವು ತೀರಿಹೋದ್ರಿ ಅಂತ ಊರಿಗೆಲ್ಲ ಹುಗ್ಗಿ ಹಾಕಿಸೇವ್ರಿ."

ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನನ್ನ ವಲ್ಲಿಯನ್ನು ತಾನೇ ಎಳೆದು ಕೈಗಳ ಮೇಲೆ ಹೊದಿಸಿ, ಎರಡು ಸಲ ಒತ್ತಿದ. ತೋರುಬೆರಳು ಮಡಚಲಿಲ್ಲ.

"ಯುದ್ಧದಾಗ ಮಿಲ್ಲಿನ ಛಾವಣಿ ಬಿತ್ತು. ಕೈ ಹಿಂಗ ಆತು, ಜೀವ ಉಳೀತು" ಎಂದ.

ಅದು ಯಾವ ದಿನ ಎಂದು ಕೇಳದೆ ಆ ಬೆರಳನ್ನೇ ಹಿಡಿದುಕೊಂಡೆ. ನಾನು ನೋಡದ ಗಾಯವನ್ನು ನನ್ನ ಅಂಗೈ ಮೊದಲೇ ಹೇಗೆ ಅರಿತಿತ್ತು? ಇಂದಿಗೂ ನನಗೆ ತಿಳಿಯದು.

ಊರಿಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. "ಬದುಕೇನಿ ಅಂತ ಹೇಳಾಕ ಬಂದಿತ್ತು ಕೂಸು. ನಾವೇ ತಿಳೀಲಿಲ್ಲ" ಅಂದಳು. ಆ ಸಂಜೆ ಮತ್ತೆ ಹುಗ್ಗಿಗೆ ಇಟ್ಟಳು.