ಗೋಡೌನಿನಲ್ಲಿ ಸಿಪ್ಪೆ, ನಡುಮನೆಯಲ್ಲಿ ಕಾಫಿ

ವಿಮೆ ನಮ್ಮ ಮನೆಗೆ ಬಂದದ್ದು ಸ್ಕೂಟರಿನಲ್ಲಿ, ಊಟದ ಹೊತ್ತಿಗೆ ಸರಿಯಾಗಿ. ತಂದವರು ನನ್ನ ಗಂಡನ ಅಕ್ಕನ ಗಂಡ. ಚಿಕ್ಕಮಗಳೂರಿನಲ್ಲಿ ಅವರ ಮನೆ, ವಿಮೆ ಏಜೆಂಟ್ ಕೆಲಸ ಅವರ ಹೊಟ್ಟೆಪಾಡು, ಗೋಣಿಬೀಡಿನ ಹತ್ತಿರದ ನಮ್ಮ ಮನೆ ಅವರಿಗೆ ಮಾವನ ಮನೆ. ನನ್ನ ಗಂಡ ಅವರನ್ನು ಭಾವ ಎನ್ನುತ್ತಿದ್ದರು, ನಮ್ಮತ್ತೆ ಅಳಿಯಂದ್ರು ಎನ್ನುತ್ತಿದ್ದರು, ನಾನು ಅಣ್ಣ ಎನ್ನಬೇಕಾಗಿತ್ತು. ಒಂದಷ್ಟು ವರ್ಷ ಅಂದೆ ಕೂಡ. ಇಲ್ಲಿ ಮಾತ್ರ ಭಾವ ಎಂದೇ ಬರೆಯುತ್ತೇನೆ, ಅಣ್ಣ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ನಮ್ಮ ಕಡೆ ಬೇಕು ಎಂದು ವಿಮೆ ಮಾಡಿಸಿದವರನ್ನು ನಾನು ನೋಡಿಲ್ಲ. ನೆಂಟರು ಬಂದು ಕೂತರು, ಇಲ್ಲ ಎನ್ನಲಾಗಲಿಲ್ಲ, ಮಾಡಿಸಿದರು. ಜೀವಕ್ಕೊಂದು, ಮನೆಗೊಂದು, ರಸ್ತೆ ಬದಿಯ ನಮ್ಮ ಸಣ್ಣ ಅಂಗಡಿಗೊಂದು, ಎಲ್ಲವೂ ಹೀಗೇ ಆದದ್ದು. 'ದಾಕ್ಷಿಣ್ಯಕ್ಕೆ ಬಸಿರಾಗಿ ಹೆರೋಕೆ ಜಾಗ ಇಲ್ಲ' ಎಂಬ ಗಾದೆಯನ್ನು ನಮ್ಮತ್ತೆ ಊರವರ ಮೇಲೆಲ್ಲ ಹೇಳುತ್ತಿದ್ದರು. ಸ್ವಂತ ಅಳಿಯ ಚೀಲದಿಂದ ಫಾರಂ ತೆಗೆದಾಗ ಅದು ಅವರಿಗೆ ನೆನಪಾಗುತ್ತಿರಲಿಲ್ಲ. ಏನು ಬರೆದಿದೆ ಎಂದು ಕೇಳುವುದೇ ಮರ್ಯಾದೆಗೆಟ್ಟ ಕೆಲಸ. ಮಗಳನ್ನು ಕೊಟ್ಟ ಅಳಿಯನ ಮೇಲೆ ಅನುಮಾನಪಟ್ಟ ಹಾಗೆ.

ನಾನೊಮ್ಮೆ ಕೇಳಿದೆ. ಹೊಸದಾಗಿ ಬಂದ ಸೊಸೆ, ಬುದ್ಧಿ ಇರಲಿಲ್ಲ.

"ಇದ್ರಲ್ಲಿ ಏನೇನು ಬರುತ್ತೆ ಅಣ್ಣ?"

ಭಾವ ಜೋರಾಗಿ ನಕ್ಕರು. "ಎಲ್ಲಾ ಬರುತ್ತೆ ತಂಗಿ. ನಾನಿಲ್ವಾ?"

ಆ 'ನಾನಿಲ್ವಾ' ಎಂಬುದೇ ಅವರ ಪಾಲಿಸಿಯ ಮೊದಲ ಷರತ್ತು, ಕೊನೆಯದೂ ಅದೇ. ನಮ್ಮತ್ತೆ ನನ್ನ ಕಡೆ ಕಣ್ಣು ಬಿಟ್ಟರು. ನಾನು ಅನ್ನದ ಪಾತ್ರೆ ತರಲು ಒಳಗೆ ಹೋದೆ.

ತೊಂಬತ್ತರ ದಶಕದ ನಡುವೆ ಕಾಫಿಗೆ ನಮ್ಮ ಹಿರಿಯರು ಕನಸಿನಲ್ಲೂ ಕಾಣದ ಬೆಲೆ ಬಂತು. ಬಸ್ಸಿಗೆ ಕಾಯುತ್ತಿದ್ದವರು ಜೀಪು ಕೊಂಡರು. ಬೆಲೆಯ ಹಿಂದೆಯೇ ಕಳ್ಳರೂ ಬಂದರು. ಕಣದಲ್ಲಿ ಒಣಗಲು ಹರಡಿದ ಕಾಫಿ ಬೆಳಗಾಗುವುದರೊಳಗೆ ಮಾಯವಾಗುತ್ತಿತ್ತು. ನಮ್ಮ ಗೋಡೌನ್ ಇದ್ದದ್ದು ತೋಟದಲ್ಲಿ, ಮನೆಯಿಂದ ಹಳ್ಳ ದಾಟಿ ಹೋಗಬೇಕು. ಅಲ್ಲಿ ಕಾಫಿ ಇಟ್ಟು ಯಾರು ನಿದ್ದೆ ಮಾಡುತ್ತಾರೆ? ಹಾಗಾಗಿ ನಮ್ಮ ಸುತ್ತಿನ ಸಣ್ಣ ಬೆಳೆಗಾರರೆಲ್ಲ ಒಂದು ಉಪಾಯ ಮಾಡಿದರು. ಹಣ್ಣಿನ ಸಿಪ್ಪೆ ಬಿಡಿಸಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ಮನೆಯೊಳಗೆ ತಂದು ಪೇರಿಸುವುದು. ಗೋಡೌನಿನಲ್ಲಿ ಅಷ್ಟೇ ಚೀಲಗಳಿಗೆ ಕಾಫಿ ಸಿಪ್ಪೆ ತುಂಬಿ, ಬಾಯಿ ಹೊಲಿದು, ಸಾಲಾಗಿ ನಿಲ್ಲಿಸಿ ದೊಡ್ಡ ಬೀಗ ಜಡಿಯುವುದು. ಕಳ್ಳ ಬಂದರೆ ಸಿಪ್ಪೆ ಹೊತ್ತುಕೊಂಡು ಹೋಗಲಿ ಎಂದು. ಎಲ್ಲರ ಮನೆಯ ಗುಟ್ಟೂ ಎಲ್ಲರಿಗೂ ಗೊತ್ತಿತ್ತು, ಕಳ್ಳರಿಗೂ ಗೊತ್ತಿತ್ತೋ ಏನೋ. ಆದರೂ ನಮ್ಮ ಗಂಡಸರು ಮೀಸೆ ತಿರುವಿದ್ದೇ ತಿರುವಿದ್ದು.

ನಮ್ಮ ನಡುಮನೆಯಲ್ಲಿ ಆಗ ನಡೆಯಲು ಒಂದು ಓಣಿಯಷ್ಟೇ ಉಳಿದಿತ್ತು. ಮಂಚದ ಸುತ್ತ ಚೀಲ, ದೇವರ ಕೋಣೆಯ ಹೊಸ್ತಿಲವರೆಗೂ ಚೀಲ. ಊಟಕ್ಕೆ ಕೂತರೆ ಬೆನ್ನಿಗೆ ಚೀಲ. ಆ ಸಲ ಕಾಫಿಗೂ ವಿಮೆ ಮಾಡಿಸಬೇಕೆಂದು ಭಾವ ಬಂದರು. ಕುರ್ಚಿ ಹಾಕಲು ಜಾಗವಿರಲಿಲ್ಲ. ಅಕ್ಕಿ ರೊಟ್ಟಿ, ಎಣ್ಣೆಗಾಯಿ, ಮೇಲೆ ಪಾಯಸ ಉಂಡು, ಎಲೆಯಡಿಕೆ ಹಾಕಿಕೊಂಡು, ಕಾಫಿ ಚೀಲದ ಮೇಲೆಯೇ ಕಾಲು ಮಡಚಿ ಕೂತು ಫಾರಂ ತೆಗೆದರು.

ನನ್ನ ಗಂಡ ಅಪರೂಪಕ್ಕೆ ತಲೆ ಓಡಿಸಿದ ದಿನ ಅದು. "ಕಾಫಿ ಮನೇಲಿದೆಯಲ್ಲ ಭಾವ. ಮನೇಲಿ ಅಂತಾನೇ ಬರೀಬೇಕಲ್ವಾ?"

"ಒಲೆ ಉರಿಯೋ ಮನೇಲಿ ಸ್ಟಾಕು ಅಂದ್ರೆ ಆಫೀಸಲ್ಲಿ ನೂರೆಂಟು ಪ್ರಶ್ನೆ ಕೇಳ್ತಾರೆ ಮಾರಾಯ. ಪ್ರೀಮಿಯಮ್ಮೂ ಜಾಸ್ತಿ. ಗೋಡೌನ್ ಅಂತ ಹಾಕಣ. ಕಾಫಿ ನಿಂದೇ, ಗೋಡೌನೂ ನಿಂದೇ. ಯಾರು ಬಂದು ನೋಡ್ತಾರೆ?"

ನಾನು ಪಾಯಸದ ಪಾತ್ರೆ ಎತ್ತುತ್ತಿದ್ದೆ. ನನ್ನ ಎರಡೂ ಕಿವಿಯಿಂದ ಕೇಳಿದೆ. ನನ್ನ ಗಂಡ ಸಹಿ ಹಾಕಿದರು.

ಬೇಸಿಗೆ ಬಂತು. ಬೆಲೆ ಇನ್ನೂ ಏರುತ್ತದೆ ಎಂದು ನಾವು ಕಾಫಿ ಮಾರಿರಲಿಲ್ಲ. ಒಂದು ಮಧ್ಯಾಹ್ನ ನನ್ನ ಗಂಡ ತೋಟದಲ್ಲಿ ಕಾಫಿ ಹೂ ಅರಳಲೆಂದು ನೀರು ಕೊಡಲು ಸ್ಪ್ರಿಂಕ್ಲರ್ ಹಾಕಿಸುತ್ತಿದ್ದರು, ನಾನೂ ನಮ್ಮತ್ತೆಯೂ ಹಿತ್ತಿಲಿನಲ್ಲಿ ಹಪ್ಪಳ ಹರಡುತ್ತಿದ್ದೆವು. ಬೆಳಿಗ್ಗೆಯಿಂದ ಹೋಗಿದ್ದ ಕರೆಂಟು ಬಂತು. ನಡುಮನೆಯ ಮೀಟರ್ ಬೋರ್ಡಿನಲ್ಲಿ ಚಟಪಟ ಎಂದದ್ದು ನಮಗೆ ಕೇಳಿಸಿತು, ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಬೋರ್ಡಿನ ಕೆಳಗೇ ಗೋಣಿಚೀಲಗಳಿದ್ದವು. ಹೊಗೆ ಹಿಂಬಾಗಿಲಿಗೆ ಬರುವಷ್ಟರಲ್ಲಿ ಬೆಂಕಿ ಜಂತಿಗೆ ಏರಿತ್ತು.

ಕಾಫಿ ಬೆಳೆಯುವ ಊರಿನಲ್ಲಿ ಗಾಳಿಯೂ ಕಾಫಿಯ ಪರಿಮಳ ಸೂಸುತ್ತದೆ ಎಂದು ಬರೆಯುವವರಿದ್ದಾರೆ. ಅಂಥವರನ್ನು ಆ ದಿನ ನಮ್ಮ ಅಂಗಳದಲ್ಲಿ ನಿಲ್ಲಿಸಬೇಕಿತ್ತು. ಸುಟ್ಟ ಗೋಣಿಯ ಕಮಟು ಗಂಟಲಿಗೆ ಇಳಿದು ನನಗೆ ವಾಂತಿಯಾಯಿತು. ನೆರೆಯವರು ಓಡಿ ಬಂದು ಒಂದಷ್ಟು ಚೀಲ ಹೊರಗೆಳೆದರು. ಮೂಡಿಗೆರೆಯಿಂದ ಬೆಂಕಿ ಆರಿಸುವ ಗಾಡಿ ಬರುವ ಹೊತ್ತಿಗೆ ನಡುಮನೆಯ ಹೆಂಚೆಲ್ಲ ಕೆಳಗಿತ್ತು. ಇಡೀ ವರ್ಷದ ಬೆಳೆ, ಆಳುಗಳ ಬಟವಾಡೆ, ಮುಂದಿನ ವರ್ಷದ ಗೊಬ್ಬರ, ಎಲ್ಲವೂ ಆ ಬೂದಿಯಲ್ಲಿ ಹೋಯಿತು.

ಮನೆಗೆ ಇದ್ದ ವಿಮೆ ಗೋಡೆಗೆ, ಹೆಂಚಿನ ಮಾಡಿಗೆ ಮಾತ್ರ. ಅದು ತಕರಾರಿಲ್ಲದೆ ಬಂತು. ಕಾಫಿಯ ನಷ್ಟ ನೋಡಲು ಕಂಪನಿ ಕಡೆಯಿಂದ ಸರ್ವೇಯರ್ ಒಬ್ಬರು ಬಂದರು. ಕನ್ನಡಕದ, ತಗ್ಗಿದ ದನಿಯ ಮನುಷ್ಯ. ಅವರ ಹಿಂದೆಯೇ ಭಾವನ ಸ್ಕೂಟರೂ ಬಂತು. ಭಾವ ಬಂದದ್ದು ನೋಡಿ ನನಗೆ ಧೈರ್ಯವಾಯಿತು. ಇದನ್ನು ಬರೆಯುವಾಗ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ಕಾಗದದಲ್ಲಿ ಗೋಡೌನ್ ಎಂದು ಇದ್ದದ್ದರಿಂದ ಸರ್ವೇಯರ್ ಮೊದಲು ಹೋದದ್ದು ತೋಟಕ್ಕೆ. ನನ್ನ ಗಂಡ ಬೀಗ ತೆಗೆದರು. ಒಳಗೆ ಹೊಲಿದ ಚೀಲಗಳು ಮಾಡಿನವರೆಗೆ ನಿಂತಿದ್ದವು, ಒಂದಕ್ಕೂ ಕಿಡಿ ತಾಗಿರಲಿಲ್ಲ.

"ಸ್ಟಾಕ್ ಇಲ್ಲೇ ಇದೆಯಲ್ಲ?" ಎಂದರಂತೆ ಸರ್ವೇಯರ್.

ನನ್ನ ಗಂಡ ತೊದಲುತ್ತಾ ಕಳ್ಳರ ಕಥೆ ಹೇಳಿದರು. ಸರ್ವೇಯರ್ ಒಂದು ಚೀಲದ ಹೊಲಿಗೆ ಬಿಚ್ಚಿಸಿ ಕೈ ಹಾಕಿ, ಒಂದು ಹಿಡಿ ಸಿಪ್ಪೆ ತೆಗೆದು ನೋಡಿ ಕೆಳಗೆ ಬಿಟ್ಟರಂತೆ.

ಮನೆಯ ಜಗಲಿಯಲ್ಲಿ ನಿಂತು ಅವರು ನನ್ನ ಗಂಡನಿಗೆ ಹೇಳಿದರು: "ನೋಡಿ, ನೀವು ಗೋಡೌನಿನಲ್ಲಿ ಕಾಫಿ ಇದೆ ಅಂತ ವಿಮೆ ಮಾಡಿಸಿದ್ದೀರಿ. ಅಲ್ಲಿ ಸಿಪ್ಪೆ ತುಂಬಿಟ್ಟಿದ್ದೀರಿ. ಕಾಫಿ ಮನೇಲಿ ಸುಟ್ಟುಹೋಯ್ತು ಅಂತೀರಿ. ನಾನು ಏನಂತ ಬರೀಲಿ?"

ಆ ಮನುಷ್ಯನ ಮೇಲೆ ನನಗೆ ದ್ವೇಷವಿಲ್ಲ. ತಲೆ ನೆಟ್ಟಗಿರುವ ಯಾರೇ ಆದರೂ ಅದನ್ನೇ ಕೇಳುತ್ತಿದ್ದರು. ಕಳ್ಳರಿಗೆಂದು ಒಡ್ಡಿದ ಬಲೆಯಲ್ಲಿ ನಾವೇ ಬಿದ್ದಿದ್ದೆವು.

ಅವರೇ ಒಂದು ದಾರಿಯನ್ನೂ ತೋರಿಸಿದರು. "ಕಾಫಿ ಎಲ್ಲಿತ್ತು ಅಂತ ಏಜೆಂಟ್ರಿಗೆ ಗೊತ್ತಿತ್ತಾ? ಗೊತ್ತಿದ್ದೂ ಗೋಡೌನ್ ಅಂತ ಬರೆದಿದ್ರೆ, ಬರೆಯೋವಾಗ ಆದ ತಪ್ಪು ಅಂತ ಹಾಕ್ತೀನಿ. ಕಂಪನಿಯವರು ವಿಚಾರ ಮಾಡ್ಬಹುದು. ಗೊತ್ತಿರಲಿಲ್ಲ ಅಂದ್ರೆ ಮೋಸ ಅಂತ ಬರೀಬೇಕಾಗುತ್ತೆ." ಹಾಗೆ ಹೇಳಿ ಭಾವನ ಕಡೆ ತಿರುಗಿದರು.

ನಾನು ಬಾಗಿಲ ಹಿಂದೆ ನಿಂತಿದ್ದೆ. ದುಡ್ಡು ಬರುತ್ತದೋ ಬಿಡುತ್ತದೋ, ನಾವು ಮೋಸಗಾರರಲ್ಲ ಎಂದು ಹೇಳುವ ಒಂದು ಬಾಯಿ ಅಲ್ಲಿ ಇತ್ತು.

ಭಾವ ಕರ್ಚೀಫಿನಿಂದ ಹಣೆ ಒರೆಸಿಕೊಂಡರು. "ಗೋಡೌನ್ ಅಂತ ಇವ್ರು ಹೇಳಿದ್ರು ಸಾರ್, ನಾನು ಬರ್ದೆ. ಮನೇಲಿ ಕಾಫಿ ಇದ್ದಿದ್ದು ನಾನು ನೋಡಿಲ್ಲ."

ನಾಲಿಗೆ ತಡವರಿಸಲಿಲ್ಲ. ಉಂಡ ಮನೆಯ ಜಂತಿ ಎಣಿಸುವವರು ಎನ್ನುತ್ತಾರಲ್ಲ, ಆ ಜಂತಿ ಸುಟ್ಟು ಬಿದ್ದಿರುವಾಗ ಅದರ ಮುಂದೆಯೇ ನಿಂತು ಹೀಗೆ ಹೇಳಿದರು. ಅವರ ಕಷ್ಟ ನನಗೆ ಅರ್ಥವಾಗದ್ದೇನಲ್ಲ. ಒಪ್ಪಿಕೊಂಡರೆ ಏಜೆನ್ಸಿ ಹೋಗಬಹುದಿತ್ತು. ಅರ್ಥವಾದದ್ದಕ್ಕೆಲ್ಲ ಕ್ಷಮಿಸಬೇಕು ಎಂದು ಎಲ್ಲಿಯೂ ಬರೆದಿಲ್ಲ.

ನಾನು ಹೊರಗೆ ಬಂದೆ. "ಸುಳ್ಳು ಸಾರ್. ಇವ್ರು ಫಾರಂ ಬರ್ದಿದ್ದೇ ಆ ಚೀಲದ ಮೇಲೆ ಕೂತ್ಕೊಂಡು. ಮನೆ ಅಂತ ಹಾಕಿದ್ರೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಗೋಡೌನ್ ಅಂತ ಹಾಕಣ ಅಂದಿದ್ದೂ ಇವ್ರೇ. ನಾನೇ ಊಟ ಬಡಿಸಿದ್ದೀನಿ."

"ನೀನು ಒಳಗೆ ನಡಿ," ಎಂದರು ನಮ್ಮತ್ತೆ. ಅಳಿಯನ ಮರ್ಯಾದೆ ಹೋದರೆ ಅಲ್ಲಿ ಮಗಳ ಕಣ್ಣಲ್ಲಿ ನೀರು ಬರುತ್ತದೆ, ಅವರಿಗೆ ಕಾಣಿಸಿದ್ದು ಅಷ್ಟೇ. ನಾನು ಅಲ್ಲಾಡಲಿಲ್ಲ.

ಸರ್ವೇಯರ್ ನನ್ನ ಗಂಡನನ್ನು ಕೇಳಿದರು: "ನಿಮ್ಮ ಮನೆಯವ್ರು ಹೇಳೋದು ನಿಜವಾ?"

ನನ್ನ ಗಂಡ ತಾಯಿಯನ್ನು ನೋಡಿದರು, ಭಾವನನ್ನು ನೋಡಿದರು. ನನ್ನನ್ನು ನೋಡಲಿಲ್ಲ.

"ಅವ್ಳಿಗೆ ಬೆಂಕಿ ನೋಡಿ ಗಾಬರಿ ಆಗಿದೆ ಸಾರ್. ಏನೇನೋ ಹೇಳ್ತಾಳೆ. ಭಾವ ನೋಡಿಲ್ಲ ಅಂದ್ರೆ ನೋಡಿಲ್ಲ."

ಸರ್ವೇಯರ್ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ನಮ್ಮತ್ತೆ ಅವರಿಗೆ ಊಟ ಮಾಡಿಕೊಂಡು ಹೋಗಲು ಹೇಳಿದರು. ಅವರು ಬೇಡವೆಂದರು. ಭಾವ ಉಂಡರು.

ಕ್ಲೇಮು ಬರಲಿಲ್ಲ. ಹಳ್ಳದ ಆಚೆಯ ತೋಟದ ಒಂದು ತುಂಡು ಮಾರಿ ಆ ವರ್ಷ ದಾಟಿದೆವು. ಊರಿನಲ್ಲಿ ನಮಗೆ 'ಸಿಪ್ಪೆ ಗೋಡೌನ್‌ನೋರು' ಎಂದು ಹೆಸರಾಯಿತು. ಹಾಗೆ ಕರೆದವರ ಗೋಡೌನಿನಲ್ಲಿಯೂ ಆಗ ಸಿಪ್ಪೆಯೇ ಇತ್ತು. ಅಂಗಡಿಗೆ ಬಂದು ಬೀಡಿ ಕೊಳ್ಳುವವನೂ ಬೆಂಕಿಪೊಟ್ಟಣ ಅಲ್ಲಾಡಿಸಿ, "ಇದ್ರಲ್ಲಿ ಕಡ್ಡಿ ಇದ್ಯಾ, ಸಿಪ್ಪೆಯಾ?" ಎಂದು ನಗುತ್ತಿದ್ದ. ನಾನು ಅವನಿಗೆ ಬೀಡಿ ಕೊಡುವುದನ್ನೇ ನಿಲ್ಲಿಸಿದೆ.

ಒಂದು ಸಲ, ಒಂದೇ ಸಲ, ಗಂಡನನ್ನು ಕೇಳಿದೆ. ಯಾಕೆ ಹಾಗೆ ಹೇಳಿದಿರಿ ಎಂದು.

"ಅಕ್ಕನ ಸಂಸಾರ ಬೀದಿಗೆ ಬರ್ತಿತ್ತು. ನಾವು ಹೆಂಗೋ ತಡ್ಕೋತೀವಿ."

ಅದನ್ನು ಅವರು ದೊಡ್ಡತನ ಎಂದುಕೊಂಡಿದ್ದರು. ಇಂದಿಗೂ ಹಾಗೆಯೇ ಅಂದುಕೊಂಡಿದ್ದಾರೆ. ದಾನ ಮಾಡುವವರು ತಮ್ಮದನ್ನು ಕೊಡಬೇಕು. ಇವರು ಕೊಟ್ಟದ್ದು ನನ್ನ ಮಾತನ್ನು. ಹೊರಗಿನವರ ಮುಂದೆ ನನ್ನನ್ನು ತಲೆಕೆಟ್ಟವಳನ್ನಾಗಿ ಮಾಡಿ ಅಕ್ಕನ ಮನೆ ಉಳಿಸಿದರು. ಕಾಫಿ ಸುಟ್ಟದ್ದು ನನಗೆ ಎರಡು ವರ್ಷದಲ್ಲಿ ಮರೆತುಹೋಯಿತು. ಇದು ಮರೆಯಲಿಲ್ಲ, ಮರೆಯುವ ಮನಸ್ಸೂ ನನಗಿಲ್ಲ.

ಮುಂದಿನ ವರ್ಷ ಭಾವ ಮತ್ತೆ ಬಂದರು, ಮನೆಯ ವಿಮೆಯ ಕಂತು ಬಂದಿದೆ ಎಂದು. ನಮ್ಮತ್ತೆ ಒಬ್ಬಟ್ಟು ಮಾಡಿದರು. ನಾನು ಬಡಿಸಲಿಲ್ಲ. ಅಂಗಡಿಯಲ್ಲೇ ಕೂತಿದ್ದೆ. ಹೋಗುವಾಗ ಅವರು, "ಏನು ತಂಗಿ, ಮಾತಿಲ್ಲ?" ಎಂದರು.

"ಮಾತಾಡಿದ್ರೆ ಗಾಬರಿ ಅಂತಾರೆ," ಎಂದೆ.

ಆಮೇಲೆ ಅವರು ಅಂಗಡಿಯ ಕಡೆಯ ಬಾಗಿಲಿನಿಂದ ಬರುವುದನ್ನು ಬಿಟ್ಟರು.

ಕಾಫಿಯ ಬೆಲೆ ಎರಡು ಸಾವಿರದ ಇಸವಿಯ ಆಚೆ ಈಚೆ ನೆಲ ಕಚ್ಚಿತು. ಕಣದಲ್ಲಿ ಬಿಟ್ಟರೂ ಕಳ್ಳರು ಮೂಸದ ಕಾಲ ಬಂತು. ನಮ್ಮತ್ತೆ ಹೋದರು. ಭಾವ ವಯಸ್ಸಾಗಿ ಏಜೆನ್ಸಿ ಬಿಟ್ಟರು. ಅಂಗಡಿ ನನ್ನ ಹೆಸರಿಗೆ ಬಂತು. ಆಗ ಮೂಡಿಗೆರೆಯಿಂದ ಒಬ್ಬಳು ಹುಡುಗಿ ಬಂದಳು, ಬೇರೊಂದು ಕಂಪನಿಯವಳು. ನಮಗೆ ಅವಳು ನೆಂಟಳೂ ಅಲ್ಲ, ಗುರುತಿನವಳೂ ಅಲ್ಲ. ನನಗೆ ಬೇಕಾದದ್ದೂ ಅದೇ. ಅಂಗಡಿಗೆ ಒಂದು, ನನ್ನ ಜೀವಕ್ಕೆ ಒಂದು ಮಾಡಿಸಿದೆ. ಸಣ್ಣ ಅಕ್ಷರದಲ್ಲಿದ್ದದ್ದನ್ನೆಲ್ಲ ಅವಳಿಂದ ಓದಿಸಿದೆ. ಇದು ಎಲ್ಲಿಟ್ಟರೆ ಬರುತ್ತದೆ, ಎಲ್ಲಿಟ್ಟರೆ ಬರುವುದಿಲ್ಲ, ಯಾರು ಬಂದು ನೋಡುತ್ತಾರೆ, ನೋಡಿ ಏನು ಬರೆಯುತ್ತಾರೆ, ಎಲ್ಲ ಕೇಳಿದೆ. ಪಾಪ, ಅವಳು ಕೊನೆಯ ಬಸ್ಸಿನ ಚಿಂತೆಯಲ್ಲಿ ಗಡಿಯಾರ ನೋಡುತ್ತಿದ್ದಳು. ನಾನು ಬಿಡಲಿಲ್ಲ.

ಜೀವವಿಮೆಯ ಫಾರಂ ತುಂಬುತ್ತಾ ಅವಳು, "ನಾಮಿನಿ ಯಜಮಾನ್ರೇ ಅಲ್ವಾ ಆಂಟಿ?" ಎಂದು ಬರೆಯಲು ಹೊರಟಳು. ನಾನು ಸತ್ತರೆ ಹಣ ಯಾರ ಕೈಗೆ ಕೊಡಬೇಕು ಎಂಬ ಜಾಗ ಅದು.

"ಅಲ್ಲ. ಮಗಳ ಹೆಸ್ರು ಬರಿ," ಎಂದೆ. ಮಗಳು ಆಗ ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಳು.

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನನ್ನ ಗಂಡ ತಲೆ ಎತ್ತಿದರು. ಅವರಿಗೆ ನಿಜಕ್ಕೂ ಬೇಸರವಾಗಿತ್ತು. "ಯಾಕೆ, ನನ್ನ ಹೆಸ್ರು ಹಾಕಿದ್ರೆ ಏನಾಗುತ್ತೆ?"

"ನಾನು ಸತ್ತಿದ್ದು ನಿಜ ಅಂತ ನೀವು ಹೋಗಿ ಹೇಳ್ಬೇಕಾಗುತ್ತೆ," ಎಂದೆ. "ನಿಮ್ಮ ಭಾವ ಬಂದು, ಇಲ್ಲ, ಅವಳು ಸತ್ತಿದ್ದು ನಾನು ನೋಡಿಲ್ಲ ಅಂದ್ರೆ ಏನು ಮಾಡ್ತೀರಿ?"

ಹುಡುಗಿ ತಮಾಷೆ ಎಂದುಕೊಂಡು ನಕ್ಕಳು. ನನ್ನ ಗಂಡ ನಗಲಿಲ್ಲ.