ಮೊದಲು ಒಂದು ರೊಟ್ಟಿ

ಸವಣೂರಿನಿಂದ ವೀಳ್ಯದೆಲೆ ಮಾರಲು ಬರುವ ಅಖ್ತರುನ್ನೀಸಾ ನನ್ನ ಕಟ್ಟೆಯ ಮೇಲೆ ಕುಳಿತು, "ಅಕ್ಕಾರ, ನನ್ನ ಮಗಳು ಪರದೇಶದವರಿಗೆ ಕಂಪ್ಯೂಟರಿನ್ಯಾಗ ಚಿತ್ರಾ ಬರದ ಕೊಡ್ತಾಳ. ಅವರು ಮೊಬೈಲಿಗೆ ಕ್ರಿಪ್ಟೋ ಅಂತ ರೊಕ್ಕಾ ಹಾಕ್ತಾರಂತ. ಕೈಲೆ ಮುಟ್ಟಾಕ ಬರೂದಿಲ್ಲ, ಪೆಟಿಗ್ಯಾಗ ಇಡಾಕ ಬರೂದಿಲ್ಲ," ಎಂದ ದಿನವೇ ಮದಿಹಾ ಎಂಬ ಆ ಮಗಳ ಸುದ್ದಿ ನನ್ನ ಕಿವಿಗೆ ಬಿದ್ದದ್ದು. ಮುಂದೆ ಆ ಹುಡುಗಿ ಕಾಲೇಜು ಕಲಿಯಲು ಶಿಗ್ಗಾಂವದ ನನ್ನ ಮನೆಯ ಹಿಂದಿನ ಕೋಣೆಗೇ ಬಾಡಿಗೆಗೆ ಬಂದಳು. ಗೆಳತಿಯ ಕಂಪ್ಯೂಟರಿನಲ್ಲಿ ಚಿತ್ರ ಬರೆಯುತ್ತಿದ್ದಳು. ಸ್ವಂತದ್ದೊಂದು ಕೊಳ್ಳಬೇಕೆಂಬುದೇ ಅವಳ ಆಸೆ.

ಅದಕ್ಕೆ ಸಾಲುವಷ್ಟು ದೊಡ್ಡ ಕೆಲಸವೊಂದು ಕೊನೆಗೂ ಮುಗಿಯಿತು. ಗಿರಾಕಿ ಪೂರಾ ಹಣ ಒಮ್ಮೆಲೇ ಕಳಿಸುತ್ತೇನೆಂದ. ಮೊದಲು ಚೂರು ಕಳಿಸಿ ನೋಡಿ ಎಂದು ಇವಳು ಹಟ ಹಿಡಿದಳು. ಆ ಚೂರು ಬರಲೇ ಇಲ್ಲ.

"ವಿಳಾಸ ಬರೋಬ್ಬರಿ ಐತ್ರಿ ಅಜ್ಜಿ. ಅವಾ ಬ್ಯಾರೆ ನೆಟ್‌ವರ್ಕಿನ ಮ್ಯಾಲೆ, ಅಂದ್ರ ಬ್ಯಾರೆ ದಾರೀಲೆ ಕಳಿಸ್ಯಾನ. ಈ ರೊಕ್ಕಾ ಬಂದು ಬೀಳೂ ನನ್ನ ಮೊಬೈಲಿನ ವ್ಯಾಲೆಟ್ಟಿಗೆ ನಾಕಾರು ನೆಟ್‌ವರ್ಕ್ ಅದಾವು, ಅದೊಂದ ಇಲ್ಲ."

"ನನ್ನ ತಂಗಿ ಹಾವೇರಿಯಿಂದ ಬಸ್ಸಿಗೆ ರೊಟ್ಟಿ ಗಂಟು ಕೊಟ್ಟಂಗಾತು," ಎಂದೆ. "ಬಸ್ಸು ಊರೊಳಗ ಬರದ ಹೈವೇ ಹಿಡದು ಹೋತು. ಅಷ್ಟೂ ರೊಟ್ಟಿ ಹುಬ್ಬಳ್ಳಿ ಕಂಡ್ವು."

ಬಾಡಿದ ಮುಖದಲ್ಲೂ ನಗು ಬಂತು. ಸರಿಯಾದ ನೆಟ್‌ವರ್ಕಿನ ಹೆಸರು ತಿಳಿಸಿ, ಮತ್ತೆ ಚೂರನ್ನೇ ತರಿಸಿದಳು. ಅದು ಕೈ ಸೇರಿದ ಮೇಲೆಯೇ ಉಳಿದದ್ದು.

ಓದು ಮುಗಿದ ದಿನ ಹೊಸ ಕಂಪ್ಯೂಟರ್ ಎದೆಗವಚಿಕೊಂಡು ಸವಣೂರಿನ ಬಸ್ಸು ಹತ್ತಿದಳು. ಕಿಟಕಿಯಿಂದ ನನ್ನನ್ನು ಕರೆದಳು.

"ಅಜ್ಜಿ, ನಿಮ್ಮ ರೊಟ್ಟಿ ಬಸ್ಸಿಗೆ ಕಳಸ್ರಿ. ಮೊದಲ ಒಂದ ಕಳಸ್ರಿ. ಮುಟ್ಟಿತು ಅಂತ ನಾ ಫೋನ್ ಮಾಡಿದ ಮ್ಯಾಲೆ ಉಳಿದದ್ದು."